ಹನ್ನೊಂದು ಮಂದಿಯ ಆಯ್ಕೆ: ಒಂದು ವಿವೇಚನೆ

ಯಾವುದೇ ಆಟ ಮೈದಾನದಲ್ಲಿ ಆರಂಭವಾಗುವುದಕ್ಕೆ ಬಹಳ ಮೊದಲೇ ಅದನ್ನು ಪ್ರೀತಿಸುವವರ ಮಾತಿನಲ್ಲಿ ಆರಂಭವಾಗಿರುತ್ತದೆ. ಯಾರು ಆಡಬೇಕು, ಯಾರು ಹೊರಗೆ ಕುಳಿತಿರಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಚರ್ಚೆ ಅದು. ಎರಡು ದೇಶಗಳ ತಂಡಗಳು ಎದುರುಬದುರಾಗುವಾಗ, ಅದರಲ್ಲೂ ಆ ಎರಡು ದೇಶಗಳ ನಡುವೆ ಹಳೆಯ ಪೈಪೋಟಿ ಇದ್ದಾಗ, ಈ ಚರ್ಚೆಗೆ ಏರುವ ಕಾವು ಅಷ್ಟಿಷ್ಟಲ್ಲ. ಮೇಲುನೋಟಕ್ಕೆ ಇದೊಂದು ಕಾಲಹರಣದ ಹರಟೆಯಂತೆ ತೋರಬಹುದು. ಆದರೆ ಒಬ್ಬನನ್ನು ಆರಿಸುವುದೆಂದರೆ ಮತ್ತೊಬ್ಬನನ್ನು ಬಿಡುವುದೆಂದೇ ಅರ್ಥ. ಆದುದರಿಂದ ಇದು ನ್ಯಾಯದ ಪ್ರಶ್ನೆಯೂ ಹೌದು, ವಿವೇಕದ ಪ್ರಶ್ನೆಯೂ ಹೌದು. ಇದನ್ನು ಬೆಂಗಳೂರಿನಲ್ಲಿಯೇ ನಡೆದ ಒಂದು ಪಂದ್ಯದ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಕಬಡ್ಡಿ, ಖೊಖೊ, ವಾಲಿಬಾಲ್ ಪರಿಚಿತವಾದವು. ಕ್ರಿಕೆಟ್ಟಂತೂ ಮನೆಮನೆಯ ಮಾತು. ಫುಟ್‌ಬಾಲ್ ಅಥವಾ ಕಾಲ್ಚೆಂಡಾಟ ನಮ್ಮಲ್ಲಿ ಅಷ್ಟಾಗಿ ಬೇರೂರಲಿಲ್ಲ. ಆದರೆ ನಮ್ಮ ಊರುಗಳಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ನೆಲೆಸಿದ ಮಕ್ಕಳು ಅಲ್ಲಿ ಆ ಆಟದ ರುಚಿಯನ್ನು ಕಂಡುಕೊಂಡಿದ್ದಾರೆ. 2023ರ ಜೂನ್ 20ರ ಸಂಜೆ ಬೆಂಗಳೂರಿನಲ್ಲಿ ಅಂಥ ನಾಲ್ವರು ಹಳೆಯ ವಿದ್ಯಾರ್ಥಿಗಳ ನಡುವೆ ಕುಳಿತಿರುವ ಅವಕಾಶ ನನ್ನದಾಯಿತು. ಮರುದಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಪಂದ್ಯ. ನಾಲ್ವರ ಬಳಿಯೂ ಟಿಕೆಟ್ ಇತ್ತು. ನಾಲ್ವರ ಬಳಿಯೂ ಹನ್ನೊಂದು ಹೆಸರುಗಳ ಒಂದೊಂದು ಪಟ್ಟಿಯೂ ಇತ್ತು. ಒಬ್ಬರ ಪಟ್ಟಿ ಇನ್ನೊಬ್ಬರ ಪಟ್ಟಿಗೆ ಹೊಂದುತ್ತಿರಲಿಲ್ಲ. ಕಾಫಿ ಆರಿ ತಣ್ಣಗಾದರೂ ವಾದ ಆರಲಿಲ್ಲ. ಕೊನೆಗೆ ಅವರಲ್ಲೊಬ್ಬ ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವು ವಾಲಿಬಾಲ್ ತಂಡ ಆರಿಸುತ್ತಿದ್ದಿರಲ್ಲ, ನೀವೇ ಹೇಳಿ, ನಾಳೆ ಗೋಲಿನಲ್ಲಿ ಯಾರು ನಿಲ್ಲಬೇಕು?” ಎಂದು ಕೇಳಿದ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಅದರ ಕಾರಣವನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ.

ಬೆಂಗಳೂರು ಮತ್ತು ಕಾಲ್ಚೆಂಡಾಟ

ಕಾಲ್ಚೆಂಡಾಟವೆಂದರೆ ಬಂಗಾಳ, ಗೋವಾ, ಕೇರಳಗಳದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಇದು ಪೂರ್ತಿ ನಿಜವಲ್ಲ. ಸ್ವತಂತ್ರ ಭಾರತದ ತಂಡ 1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಫ್ರಾನ್ಸ್ ತಂಡವನ್ನು ಎದುರಿಸಿದಾಗ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. 2–1 ಗೋಲುಗಳಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನವರೇ ಆದ ಅಹ್ಮದ್ ಖಾನ್ 1948 ಮತ್ತು 1952ರ ಎರಡು ಒಲಿಂಪಿಕ್‌ಗಳಲ್ಲಿಯೂ ದೇಶಕ್ಕಾಗಿ ಆಡಿದರು, ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಸುಪ್ರಸಿದ್ಧ ಮುನ್ನಡೆ ಪಂಕ್ತಿಯ ಐವರಲ್ಲಿ ಒಬ್ಬರಾದರು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು. ಕೊನೆಯ ಎರಡು ಗೆಲುವುಗಳು 1967–68 ಮತ್ತು 1968–69ರ ಸಾಲಿನವು. ಅನಂತರ ಐದು ದಶಕಗಳಿಗೂ ಮೀರಿದ ಬರಗಾಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು 54 ವರ್ಷಗಳ ಬಳಿಕ ಮರಳಿ ಪಡೆಯಿತು.

2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಕ್ಲಬ್ ಹುಟ್ಟಿಕೊಂಡ ಮೇಲೆ ನಗರದ ಯುವಕರಲ್ಲಿ ಈ ಆಟದ ಆಸಕ್ತಿ ಮತ್ತೆ ಚಿಗುರಿತು. ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ಒಟ್ಟಾಗಿ ನಿಂತು ಹಾಡಿ ಹುರಿದುಂಬಿಸುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ ಬೆಳೆಯಿತು. ರಾಷ್ಟ್ರತಂಡ ಆಡಿದಲ್ಲೆಲ್ಲ ಹೋಗಿ ಬೆಂಬಲಿಸುವ ‘ಬ್ಲೂ ಪಿಲ್ಗ್ರಿಮ್ಸ್’ ಎಂಬ ಬಳಗ 2017ರಲ್ಲಿ ರೂಪುಗೊಂಡಿತು. ನಾನು ಹೇಳಿದ ನಾಲ್ವರು ತರುಣರೂ ಈ ಗಾಳಿಯಲ್ಲಿ ಬೆಳೆದವರು. ಅವರಿಗೆ ಆಟಗಾರನೆಂದರೆ ಪತ್ರಿಕೆಯ ಚಿತ್ರವಲ್ಲ, ವಾರವಾರವೂ ಕಣ್ಣಾರೆ ಕಂಡ ಮನುಷ್ಯ.

ಪಂದ್ಯದ ಹಿನ್ನೆಲೆ

ದಕ್ಷಿಣ ಏಷ್ಯದ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್ 2023ರ ಜೂನ್ 21ರಿಂದ ಜುಲೈ 4ರವರೆಗೆ ಬೆಂಗಳೂರಿನಲ್ಲಿ ನಡೆಯಿತು. ಲೆಬನಾನ್ ಮತ್ತು ಕುವೈತ್ ದೇಶಗಳು ಅತಿಥಿಗಳಾಗಿ ಭಾಗವಹಿಸಿದ್ದವು. ಆತಿಥೇಯರ ಮೊದಲನೆಯ ಪಂದ್ಯವೇ ಪಾಕಿಸ್ತಾನದೊಡನೆ. ಈ ಎರಡು ದೇಶಗಳ ರಾಷ್ಟ್ರತಂಡಗಳು ಅದಕ್ಕೆ ಮೊದಲು ಎದುರಾಗಿದ್ದುದು 2018ರ ಸೆಪ್ಟೆಂಬರ್‌ನಲ್ಲಿ ಢಾಕಾ ನಗರದಲ್ಲಿ. ಅಲ್ಲಿ ಭಾರತ 3–1ರಿಂದ ಗೆದ್ದಿತ್ತು. ಫಿಫಾ ಸಂಸ್ಥೆಯ ಶ್ರೇಯಾಂಕದಲ್ಲಿ ಆಗ ಭಾರತ 101ನೆಯ ಸ್ಥಾನದಲ್ಲಿಯೂ ಪಾಕಿಸ್ತಾನ 195ನೆಯ ಸ್ಥಾನದಲ್ಲಿಯೂ ಇದ್ದವು. ಲೆಕ್ಕದ ಪ್ರಕಾರ ಇದು ಸಮಬಲರ ಪಂದ್ಯವಲ್ಲ. ಆದರೆ ಹಳೆಯ ಪೈಪೋಟಿಗೆ ಇಂಥ ಲೆಕ್ಕ ಹಿಡಿಸುವುದಿಲ್ಲ. ‘ಎಲ್ಲರ ಕೈಯಲ್ಲೂ ಸೋಲಬಹುದು, ಇವರ ಕೈಯಲ್ಲಿ ಸೋಲಬಾರದು’ ಎಂಬ ಮನೋಭಾವವೇ ಪೈಪೋಟಿಯ ತಿರುಳು. ಈ ಮನೋಭಾವ ಬಂದಕೂಡಲೇ ಆಯ್ಕೆಯ ಚರ್ಚೆ ಹದ ತಪ್ಪುತ್ತದೆ. ಜಾಣ ಆಟಗಾರನಿಗಿಂತ ಕೆಚ್ಚಿನ ಆಟಗಾರ ಬೇಕೆನಿಸುತ್ತದೆ, ಹೊಸಬನಿಗಿಂತ ಪರಿಚಿತನೇ ಬೇಕೆನಿಸುತ್ತದೆ.

ಇನ್ನೊಂದು ಸಂಗತಿಯೂ ಇತ್ತು. ಭಾರತ ತಂಡ ಕೇವಲ ಮೂರು ದಿನಗಳ ಹಿಂದೆ, ಜೂನ್ 18ರಂದು, ಭುವನೇಶ್ವರದಲ್ಲಿ ಲೆಬನಾನ್ ತಂಡವನ್ನು 2–0ರಿಂದ ಸೋಲಿಸಿ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದಿತ್ತು. ಗೆಲುವಿನ ಉತ್ಸಾಹದ ಜೊತೆಗೆ ಕಾಲುಗಳಲ್ಲಿ ದಣಿವೂ ಇತ್ತು. ಮುಂದೆ ಎರಡು ವಾರಗಳಲ್ಲಿ ಐದು ಪಂದ್ಯಗಳವರೆಗೆ ಆಡಬೇಕಾಗಬಹುದಿತ್ತು. ಹೀಗಿರುವಾಗ ಪಾಕಿಸ್ತಾನದ ಎದುರು ಎಲ್ಲ ಬಲವನ್ನೂ ಒಮ್ಮೆಗೇ ಸುರಿಯಬೇಕೆ, ಅಥವಾ ಕೆಲವರಿಗೆ ವಿಶ್ರಾಂತಿ ಕೊಡಬೇಕೆ? ಅಭಿಮಾನಿಗೆ ನಾಳೆಯ ಪಂದ್ಯವೊಂದೇ ಕಾಣುತ್ತದೆ. ತರಬೇತುದಾರನಿಗೆ ಹದಿನಾಲ್ಕು ದಿನಗಳೂ ಕಾಣಬೇಕು. ಇಬ್ಬರ ಪಟ್ಟಿಗಳು ಬೇರೆಯಾಗುವುದಕ್ಕೆ ಇದು ಮೊದಲನೆಯ ಕಾರಣ.

ಹನ್ನೊಂದು ಸ್ಥಾನಗಳ ಸ್ವರೂಪ

ಕಾಲ್ಚೆಂಡಾಟವನ್ನು ಹತ್ತಿರದಿಂದ ಬಲ್ಲದ ವಾಚಕರಿಗಾಗಿ ತಂಡದ ರಚನೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಹನ್ನೊಂದು ಜನರಲ್ಲಿ ಒಬ್ಬ ಗೋಲ್‌ಕೀಪರ್. ಅವನ ಮುಂದೆ ಸಾಮಾನ್ಯವಾಗಿ ನಾಲ್ವರು ರಕ್ಷಣೆಯ ಆಟಗಾರರು. ಇವರಲ್ಲಿ ನಡುವಿನ ಇಬ್ಬರು ಗೋಡೆಯಂತೆ ನಿಲ್ಲಬೇಕು; ಎರಡು ಅಂಚಿನವರು ರಕ್ಷಣೆಯನ್ನೂ ಮಾಡಿ ಸಮಯ ಸಿಕ್ಕಾಗ ಮುನ್ನುಗ್ಗಲೂ ಬೇಕು. ಇವರ ಮುಂದೆ ನಡುಮೈದಾನದ ಆಟಗಾರರು. ಎದುರಾಳಿಯಿಂದ ಚೆಂಡನ್ನು ಕಸಿದು ತಮ್ಮವರಿಗೆ ದಾಟಿಸುವುದು ಇವರ ಕೆಲಸ. ಆಟದ ಉಸಿರು ಇರುವುದು ಇವರಲ್ಲಿ. ಎಡಬಲಗಳಲ್ಲಿ ವೇಗವಾಗಿ ಓಡಬಲ್ಲ ಇಬ್ಬರು. ಎಲ್ಲರಿಗಿಂತ ಮುಂದೆ, ಗೋಲು ಹೊಡೆಯಬೇಕಾದ ಒಬ್ಬ.

ಹೊಸ ಪ್ರೇಕ್ಷಕ ಗೋಲು ಹೊಡೆಯುವವನನ್ನು ಮಾತ್ರ ನೋಡುತ್ತಾನೆ. ಅವನು ಪಟ್ಟಿ ಬರೆದರೆ ಹನ್ನೊಂದರಲ್ಲಿ ಏಳು ಜನ ಮುನ್ನಡೆಯವರೇ ಆಗಿರುತ್ತಾರೆ. ಆಟ ತಿಳಿದವನು ಮೊದಲು ಸ್ಥಾನವನ್ನು ನೋಡಿ, ಆ ಸ್ಥಾನದ ಕೆಲಸವೇನೆಂದು ನಿರ್ಧರಿಸಿ, ಆಮೇಲೆ ಆ ಕೆಲಸಕ್ಕೆ ತಕ್ಕವನನ್ನು ಹುಡುಕುತ್ತಾನೆ. ಹೆಸರಿನಿಂದ ಹೊರಟು ಸ್ಥಾನಕ್ಕೆ ಬರುವುದು ಒಂದು ದಾರಿ. ಕೆಲಸದಿಂದ ಹೊರಟು ಹೆಸರಿಗೆ ಬರುವುದು ಮತ್ತೊಂದು ದಾರಿ. ಆ ಸಂಜೆಯ ಎಲ್ಲ ವಾದಗಳೂ ಈ ಎರಡು ದಾರಿಗಳ ನಡುವಣ ವಾದಗಳೇ ಆಗಿದ್ದವು.

ಮೂರು ವಿವಾದಗಳು

ಮೊದಲನೆಯದು ಗೋಲ್‌ಕೀಪರ್ ಸ್ಥಾನ. ಗುರುಪ್ರೀತ್ ಸಿಂಗ್ ಸಂಧು ಬೆಂಗಳೂರು ಎಫ್.ಸಿ.ಯ ಗೋಲ್‌ಕೀಪರ್. ನೀಳಕಾಯದವರು, ಅನುಭವಿ, ನಗರದ ಕಣ್ಮಣಿ. ಅಮರಿಂದರ್ ಸಿಂಗ್ ಅವರಿಗೆ ಸಮರ್ಥ ಪ್ರತಿಸ್ಪರ್ಧಿ. ನಾಲ್ವರಲ್ಲಿ ಮೂವರು, “ನಮ್ಮ ಊರಿನ ಮೈದಾನ, ನಮ್ಮ ಊರಿನ ಗೋಲ್‌ಕೀಪರ್, ಇದರಲ್ಲಿ ಚರ್ಚೆಯೇನು?” ಎಂದರು. ನಾಲ್ಕನೆಯವನು ಮಾತ್ರ, “ನಮ್ಮ ಊರು ಎನ್ನುವುದು ಕಾರಣವಲ್ಲ ಕಣ್ರೋ, ಅದು ಮಮತೆ. ಇಬ್ಬರಿಗೂ ಆಡಿ ಅಭ್ಯಾಸವಿರಬೇಕು. ಟೂರ್ನಿಯ ನಡುವೆ ಒಬ್ಬನಿಗೆ ಪೆಟ್ಟಾದರೆ ಏನು ಮಾಡುತ್ತೀರಿ?” ಎಂದು ಪ್ರಶ್ನಿಸಿದ. ಉಳಿದವರು ಅವನನ್ನು ಮಾತನಾಡಗೊಡಲಿಲ್ಲ.

ಎರಡನೆಯದು ನಾಯಕ ಸುನಿಲ್ ಛೆತ್ರಿಯವರ ವಿಷಯ. ಅವರಿಗೆ ಆಗ 38 ವರ್ಷ, ಇನ್ನೇನು ಆಗಸ್ಟ್‌ನಲ್ಲಿ 39 ತುಂಬಲಿತ್ತು. 2005ರ ಜೂನ್‌ನಲ್ಲಿ ಕ್ವೆಟ್ಟಾ ನಗರದಲ್ಲಿ ಪಾಕಿಸ್ತಾನದ ವಿರುದ್ಧವೇ ಅವರು ತಮ್ಮ ಮೊದಲನೆಯ ಅಂತರರಾಷ್ಟ್ರೀಯ ಪಂದ್ಯವನ್ನಾಡಿ ಅದರಲ್ಲಿ ಗೋಲು ಹೊಡೆದಿದ್ದರು. ಅಲ್ಲಿಂದ ಹದಿನೆಂಟು ವರ್ಷ. ಅವರನ್ನು ಬಿಡಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಒಬ್ಬನ ಪ್ರಶ್ನೆ ಇದಾಗಿತ್ತು: ಪ್ರತಿಯೊಂದು ಗೋಲಿಗೂ ಇವರ ಮುಖವನ್ನೇ ನೋಡುತ್ತಿದ್ದರೆ ಇವರ ನಂತರದವನು ಬೆಳೆಯುವುದೆಂದು? ಪ್ರಶ್ನೆ ಸರಿಯಾದುದೇ. ಆದರೆ ಪೈಪೋಟಿಯ ಪಂದ್ಯದ ಮುನ್ನಾದಿನ ಅದನ್ನು ಕೇಳುವವನಿಗೆ ಧೈರ್ಯ ಬೇಕು.

ಮೂರನೆಯದು ಬಲಬದಿಯ ಓಟಗಾರನ ಸ್ಥಾನ. ಮಿಜೋರಾಮಿನ ಲಾಲಿಯನ್‌ಜುವಾಲ ಛಾಂಗ್ಟೆಯವರೋ, ಬೆಂಗಳೂರು ಎಫ್.ಸಿ.ಯಲ್ಲಿ ವರ್ಷಗಟ್ಟಲೆ ಆಡಿದ ಮಣಿಪುರದ ಉದಾಂತ ಸಿಂಗರೋ? ಇಲ್ಲಿಯೂ ಊರಿನ ಮಮತೆಗೂ ಆ ವರ್ಷದ ಆಟದ ಲಯಕ್ಕೂ ಜಗಳ. ಒಬ್ಬ ಹಳೆಯ ಗೋಲುಗಳನ್ನು ನೆನಪಿಸಿದ. ಮತ್ತೊಬ್ಬ, “ಹೋದ ವರ್ಷದ ಮಳೆಗೆ ಈ ವರ್ಷದ ಕೆರೆ ತುಂಬುತ್ತದೆಯೆ?” ಎಂದ. ಆ ಮಾತಿಗೆ ಎಲ್ಲರೂ ನಕ್ಕರು. ವಾದ ಮಾತ್ರ ಮುಗಿಯಲಿಲ್ಲ.

ಇಷ್ಟು ಹೊತ್ತಿನಲ್ಲಿ ಎದುರಾಳಿಯ ವಿಷಯವನ್ನು ಯಾರೂ ಎತ್ತಿರಲಿಲ್ಲವೆಂಬುದು ಗಮನಾರ್ಹ. ಪಾಕಿಸ್ತಾನ ತಂಡದ ಸ್ಥಿತಿ ಹೇಗಿದೆ, ಅವರ ಬಲವೆಲ್ಲಿ, ದೌರ್ಬಲ್ಯವೆಲ್ಲಿ ಎಂದು ನಾನು ಕೇಳಿದಾಗ ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಪೈಪೋಟಿ ಕಣ್ಣಿಗೆ ಕಟ್ಟುವ ಪಟ್ಟಿ ಇದೇ. ಎದುರಾಳಿಯನ್ನು ದ್ವೇಷಿಸುವುದರಲ್ಲಿ ಅವನನ್ನು ಅರಿಯುವುದು ಮರೆತುಹೋಗುತ್ತದೆ.

ಪಂದ್ಯ ನಡೆದ ಬಗೆ

ಪಂದ್ಯ ಆರಂಭವಾಗುವುದಕ್ಕೆ ಸುಮಾರು ಒಂದು ಗಂಟೆ ಮೊದಲು ಆಡುವವರ ಹೆಸರುಗಳನ್ನು ಪ್ರಕಟಿಸುವುದು ವಾಡಿಕೆ. ಜೂನ್ 21ರ ಸಂಜೆ ಪ್ರಕಟವಾದ ಪಟ್ಟಿ ಹೀಗಿತ್ತು: ಗೋಲಿನಲ್ಲಿ ಅಮರಿಂದರ್ ಸಿಂಗ್, ರಕ್ಷಣೆಯಲ್ಲಿ ಪ್ರೀತಂ ಕೋಟಾಲ್, ಸಂದೇಶ್ ಝಿಂಗನ್, ಅನ್ವರ್ ಅಲಿ, ಸುಭಾಶಿಷ್ ಬೋಸ್, ನಡುಮೈದಾನದಲ್ಲಿ ಜೀಕ್ಸನ್ ಸಿಂಗ್, ಅನಿರುದ್ಧ ಥಾಪಾ, ಸಹಲ್ ಅಬ್ದುಲ್ ಸಮದ್, ಬದಿಗಳಲ್ಲಿ ಆಶಿಕ್ ಕುರುಣಿಯನ್ ಮತ್ತು ಛಾಂಗ್ಟೆ, ಮುಂದೆ ನಾಯಕ ಛೆತ್ರಿ. ನಾಲ್ವರ ಯಾವ ಪಟ್ಟಿಯೂ ಇದಕ್ಕೆ ಪೂರ್ತಿಯಾಗಿ ಹೊಂದಲಿಲ್ಲ. ಊರಿನ ಗೋಲ್‌ಕೀಪರ್ ಹೊರಗಿದ್ದರು, ಉದಾಂತ ಸಿಂಗರೂ ಬದಲಿ ಆಟಗಾರರ ಬೆಂಚಿನಲ್ಲಿದ್ದರು.

ಪಾಕಿಸ್ತಾನ ತಂಡ ಮಾರಿಷಸ್ ದ್ವೀಪದಲ್ಲಿ ಪಂದ್ಯಗಳನ್ನಾಡಿ, ವೀಸಾ ದೊರೆಯುವುದು ತಡವಾದ ಕಾರಣ, ಪಂದ್ಯದ ದಿನವೇ ಬೆಂಗಳೂರನ್ನು ತಲುಪಿತ್ತು. ಪ್ರಯಾಣದ ಆಯಾಸ ಆರುವ ಮೊದಲೇ ಅವರು ಮೈದಾನಕ್ಕಿಳಿಯಬೇಕಾಯಿತು. ಮಳೆಯೂ ಬಂದಿತು. ಹತ್ತನೆಯ ನಿಮಿಷದಲ್ಲಿ ತಮ್ಮವರೇ ಹಿಂದಕ್ಕೆ ಕೊಟ್ಟ ಚೆಂಡನ್ನು ಪಾಕಿಸ್ತಾನದ ಗೋಲ್‌ಕೀಪರ್ ಹಿಡಿತಕ್ಕೆ ತೆಗೆದುಕೊಳ್ಳುವಲ್ಲಿ ಎಡವಿದರು. ಬೆನ್ನಟ್ಟಿ ಬಂದಿದ್ದ ಛೆತ್ರಿ ಅದನ್ನು ಗೋಲಿಗೆ ಸೇರಿಸಿದರು. ಹದಿನಾರನೆಯ ನಿಮಿಷದಲ್ಲಿ ಪೆನಾಲ್ಟಿಯಿಂದ ಎರಡನೆಯ ಗೋಲು, 74ನೆಯ ನಿಮಿಷದಲ್ಲಿ ಮತ್ತೊಂದು ಪೆನಾಲ್ಟಿಯಿಂದ ಮೂರನೆಯದು. 81ನೆಯ ನಿಮಿಷದಲ್ಲಿ ಅನ್ವರ್ ಅಲಿ ಹಿಂದಿನಿಂದ ನೀಳವಾಗಿ ಕಳುಹಿಸಿದ ಚೆಂಡನ್ನು, ಬದಲಿಯಾಗಿ ಬಂದಿದ್ದ ಉದಾಂತ ಸಿಂಗ್ ಗೋಲಾಗಿಸಿದರು. ಫಲಿತಾಂಶ 4–0. ಛೆತ್ರಿಯವರ ಅಂತರರಾಷ್ಟ್ರೀಯ ಗೋಲುಗಳ ಸಂಖ್ಯೆ 90ಕ್ಕೆ ಏರಿತು. ವಿರಾಮಕ್ಕೆ ತುಸು ಮೊದಲು, ಎದುರಾಳಿ ಆಟಗಾರ ಚೆಂಡನ್ನು ಒಳಗೆಸೆಯಲು ಹೋದಾಗ ಭಾರತದ ತರಬೇತುದಾರ ಇಗೊರ್ ಸ್ಟಿಮಾಚ್ ಅಡ್ಡಿಪಡಿಸಿದ್ದರಿಂದ ನೂಕುನುಗ್ಗಲಾಗಿ, ಅವರಿಗೆ ಕೆಂಪು ಚೀಟಿ ತೋರಿಸಿ ಹೊರಗೆ ಕಳುಹಿಸಲಾಯಿತು. ಪೈಪೋಟಿಯ ಕಾವು ಅಭಿಮಾನಿಗಳನ್ನಷ್ಟೇ ಅಲ್ಲ, ಅನುಭವಿಗಳನ್ನೂ ಸುಡುತ್ತದೆ.

ಫಲಿತಾಂಶ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಪಂದ್ಯ ಮುಗಿದ ರಾತ್ರಿ ಎಲ್ಲರೂ, ‘ಆಯ್ಕೆ ಸರಿಯಾಗಿತ್ತು’ ಎಂದರು. ಗೆದ್ದ ಪಟ್ಟಿ ಸರಿ, ಸೋತ ಪಟ್ಟಿ ತಪ್ಪು ಎನ್ನುವುದು ಲೋಕರೂಢಿ. ನಿಧಾನವಾಗಿ ಯೋಚಿಸಿದರೆ ಇದು ಅಷ್ಟು ಸರಳವಲ್ಲ. ಮೊದಲನೆಯ ಗೋಲು ಎದುರಾಳಿಯ ತಪ್ಪಿನಿಂದ ಬಂದುದು, ಇನ್ನೆರಡು ಪೆನಾಲ್ಟಿಗಳು. ಎದುರಾಳಿ ದಣಿದು ಬಂದಿದ್ದವರು. ಅಮರಿಂದರ್ ಅವರಿಗೆ ಆ ದಿನ ಹೇಳಿಕೊಳ್ಳುವಂಥ ಪರೀಕ್ಷೆಯೇ ಎದುರಾಗಲಿಲ್ಲ. ಅಂದಮೇಲೆ ಗೋಲ್‌ಕೀಪರ್ ವಿವಾದವನ್ನು ಈ ಗೆಲುವು ಎತ್ತಲೂ ಇಲ್ಲ, ಇಳಿಸಲೂ ಇಲ್ಲ.

ಮುಂದಿನ ದಿನಗಳು ಈ ಮಾತನ್ನು ಸ್ಪಷ್ಟಪಡಿಸಿದವು. ನೇಪಾಳವನ್ನು 2–0ರಿಂದ ಗೆದ್ದ ಬಳಿಕ ಕುವೈತ್ ವಿರುದ್ಧ ಭಾರತ 1–0ರ ಮುನ್ನಡೆಯಲ್ಲಿದ್ದಾಗ, ಅವಧಿ ಮುಗಿದು ಹೆಚ್ಚುವರಿಯಾಗಿ ಕೊಟ್ಟ ನಿಮಿಷಗಳಲ್ಲಿ ಅನ್ವರ್ ಅಲಿಯವರ ಕಾಲಿನಿಂದ ಚೆಂಡು ತಮ್ಮದೇ ಗೋಲಿಗೆ ಹೋಯಿತು. ಪಂದ್ಯ ಸಮವಾಯಿತು. ಪಾಕಿಸ್ತಾನದ ಎದುರು ನಾಲ್ಕನೆಯ ಗೋಲಿಗೆ ಚೆಂಡೊದಗಿಸಿ ಹೊಗಳಿಕೆ ಪಡೆದಿದ್ದವರೂ ಇವರೇ. 2019ರಲ್ಲಿ ಹೃದಯದ ತೊಂದರೆ ಕಂಡುಬಂದು ಆಟವನ್ನೇ ಬಿಡಬೇಕಾದೀತೆಂಬ ಸ್ಥಿತಿ ತಲುಪಿ, ಹೋರಾಡಿ ಮರಳಿ ಬಂದು ರಾಷ್ಟ್ರತಂಡದಲ್ಲಿ ಸ್ಥಾನ ಪಡೆದವರು ಅವರು. ಇಂಥವರನ್ನು ಒಂದು ಕ್ಷಣದ ತಪ್ಪಿನಿಂದ ಅಳೆಯಬಹುದೆ?

ಸೆಮಿಫೈನಲ್ ಪಂದ್ಯದಲ್ಲಿ ಲೆಬನಾನ್ ತಂಡವನ್ನು ಪೆನಾಲ್ಟಿಗಳಲ್ಲಿ 4–2ರಿಂದ ಗೆದ್ದು, ಜುಲೈ 4ರ ಅಂತಿಮ ಪಂದ್ಯದಲ್ಲಿ ಭಾರತ ಮತ್ತೆ ಕುವೈತನ್ನು ಎದುರಿಸಿತು. ತರಬೇತುದಾರರು ಕುವೈತಿನೊಡನೆ ಆಡಿದ ಹಿಂದಿನ ಪಂದ್ಯದಲ್ಲಿಯೂ ಕೆಂಪು ಚೀಟಿ ಪಡೆದು ನಿಷೇಧಕ್ಕೊಳಗಾಗಿದ್ದ ಕಾರಣ ಸಹಾಯಕ ಮಹೇಶ್ ಗಾವ್ಳಿ ತಂಡವನ್ನು ನಡೆಸಿದರು. ಕುವೈತ್ ಮೊದಲು ಗೋಲು ಹೊಡೆಯಿತು. ಛೆತ್ರಿಯಿಂದ ಸಹಲ್‌ಗೆ, ಸಹಲ್‌ನಿಂದ ಛಾಂಗ್ಟೆಗೆ ಸಾಗಿದ ಚೆಂಡು ಸಮಗೋಲಾಯಿತು. ಪಂದ್ಯ 1–1ರಲ್ಲಿ ನಿಂತು ಪೆನಾಲ್ಟಿಗಳಿಗೆ ಹೋಯಿತು. ಪಾಕಿಸ್ತಾನದ ವಿರುದ್ಧ ಗೋಲು ಹೊಡೆದಿದ್ದ ಉದಾಂತ ಸಿಂಗ್ ಇಲ್ಲಿ ಗುರಿ ತಪ್ಪಿದರು. ಕೊನೆಯಲ್ಲಿ ಕುವೈತ್ ನಾಯಕನ ಹೊಡೆತವನ್ನು ತಡೆದು ಭಾರತಕ್ಕೆ 5–4ರ ಗೆಲುವನ್ನೂ ಒಂಬತ್ತನೆಯ ಸ್ಯಾಫ್ ಪ್ರಶಸ್ತಿಯನ್ನೂ ತಂದುಕೊಟ್ಟವರು ಯಾರು? ಮೊದಲ ದಿನ ಹೊರಗೆ ಕುಳಿತಿದ್ದ ಗುರುಪ್ರೀತ್ ಸಿಂಗ್ ಸಂಧು! ಹಾಗಾದರೆ ಜೂನ್ 20ರ ಸಂಜೆ ಮೂವರು ಹೇಳಿದ್ದು ಸರಿಯೆ, ನಾಲ್ಕನೆಯವನು ಹೇಳಿದ್ದು ಸರಿಯೆ? ಮೂವರು ಒಳ್ಳೆಯ ಗೋಲ್‌ಕೀಪರನನ್ನೇ ಹೆಸರಿಸಿದ್ದರು, ಆದರೆ ಊರಿನ ಮಮತೆಯನ್ನು ಕಾರಣವಾಗಿ ಕೊಟ್ಟಿದ್ದರು. ನಾಲ್ಕನೆಯವನು ಕಾರಣವನ್ನು ಹುಡುಕಿದ್ದ. ಹೆಸರು ಸರಿಯಾಗುವುದು ಅದೃಷ್ಟದಿಂದಲೂ ಸಾಧ್ಯ. ಕಾರಣ ಸರಿಯಾಗುವುದು ವಿಚಾರದಿಂದ ಮಾತ್ರ ಸಾಧ್ಯ.

ನಾಯಕನ ನಂತರ ಯಾರು ಎಂಬ ಪ್ರಶ್ನೆಯೂ ಗೆಲುವಿನ ಸದ್ದಿನಲ್ಲಿ ಮುಚ್ಚಿಹೋಯಿತೇ ಹೊರತು ಬಗೆಹರಿಯಲಿಲ್ಲ. 2024ರ ಜೂನ್ 6ರಂದು ಕೋಲ್ಕತದಲ್ಲಿ ಕುವೈತಿನೊಡನೆ ಗೋಲಿಲ್ಲದೆ ಸಮವಾದ ಪಂದ್ಯವನ್ನಾಡಿ ಛೆತ್ರಿ ರಾಷ್ಟ್ರತಂಡದಿಂದ ನಿವೃತ್ತರಾದರು. 2025ರ ಮಾರ್ಚ್‌ನಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಅವರನ್ನು ಮತ್ತೆ ಕರೆಯಬೇಕಾಯಿತು. ಷಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ ಅವರು ಮತ್ತೆ ಗೋಲು ಹೊಡೆದರು. ಇದು ಅವರ ಹಿರಿಮೆ. ಆದರೆ ಅಂದು ಸಂಜೆ ಆ ತರುಣ ಕೇಳಿದ ಪ್ರಶ್ನೆ ಎಷ್ಟು ಯುಕ್ತವಾಗಿತ್ತೆಂಬುದಕ್ಕೂ ಇದೇ ಸಾಕ್ಷಿ.

ಎದುರಾಳಿಯ ವಿಷಯದಲ್ಲಿಯೂ ಒಂದು ಮಾತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪಾಕಿಸ್ತಾನ ತಂಡ ಇಸ್ಲಾಮಾಬಾದಿನಲ್ಲಿ ಕಾಂಬೋಡಿಯವನ್ನು 1–0ರಿಂದ ಸೋಲಿಸಿತು. ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಅದು ಆ ದೇಶದ ಮೊತ್ತಮೊದಲ ಗೆಲುವು. ಬೆಂಗಳೂರಿನಲ್ಲಿ ನಾಲ್ಕು ಗೋಲುಗಳಿಂದ ಸೋತ ತಂಡ ಹಾಸ್ಯಕ್ಕೆ ತಕ್ಕ ತಂಡವಾಗಿರಲಿಲ್ಲ, ಕಷ್ಟದಲ್ಲಿದ್ದ ತಂಡವಾಗಿತ್ತು. 2014ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿಯೇ ಈ ಎರಡು ದೇಶಗಳು ಎರಡು ಸ್ನೇಹಪಂದ್ಯಗಳನ್ನಾಡಿ ತಲಾ ಒಂದನ್ನು ಗೆದ್ದುದನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ.

ನಾನು ಉತ್ತರ ಕೊಡದ ಕಾರಣ

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಬಹಳ ವರ್ಷಗಳ ಹಿಂದೆ, ನಾನು ಬೇರೊಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ, ತಾಲ್ಲೂಕು ಮಟ್ಟದ ವಾಲಿಬಾಲ್ ಪಂದ್ಯಗಳಿಗೆ ಆರು ಹುಡುಗರನ್ನು ಆರಿಸಬೇಕಾಗಿತ್ತು. ಪಕ್ಕದ ಊರಿನ ಶಾಲೆಯೊಡನೆ ನಮಗೆ ಹಳೆಯ ಪೈಪೋಟಿ. ಐದು ಹೆಸರುಗಳು ಸುಲಭವಾಗಿ ನಿಶ್ಚಯವಾದವು. ಆರನೆಯ ಸ್ಥಾನಕ್ಕೆ ಇಬ್ಬರಿದ್ದರು. ಒಬ್ಬ ತೆಂಗಿನ ಮರ ಹತ್ತಿ ಕಾಯಿ ಕೆಡಹುವವರ ಮಗ. ಕುಳ್ಳ, ಮಾತು ಕಡಿಮೆ, ಬಲೆಯ ಬಳಿ ನಿಂತು ಉಳಿದವರಿಗೆ ಚೆಂಡನ್ನು ಹದವಾಗಿ ಎತ್ತಿಕೊಡುತ್ತಿದ್ದ. ಇನ್ನೊಬ್ಬ ಶಾಲೆಗೆ ಬಹಳ ಉಪಕಾರ ಮಾಡಿದ್ದ ಮನೆತನದ ಹುಡುಗ. ಎತ್ತರದವನು, ಚೆಂಡನ್ನು ಬಲವಾಗಿ ಹೊಡೆಯುತ್ತಿದ್ದ, ನೋಡುವವರು ಚಪ್ಪಾಳೆ ತಟ್ಟುತ್ತಿದ್ದರು. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಒತ್ತಾಯ ಬರುವುದಕ್ಕೆ ಮೊದಲೇ ನಾನೇ ಬಾಗಿದೆ. ಎರಡನೆಯವನ ಹೆಸರನ್ನು ಬರೆದೆ.

ಹೊಡೆಯುವವರು ಐವರಾದರು, ಎತ್ತಿಕೊಡುವವನಿಲ್ಲದಾದ. ನಾವು ಸೋತೆವು. ಆದರೆ ನನ್ನನ್ನು ಇಂದಿಗೂ ಕಾಡುವುದು ಆ ಸೋಲಲ್ಲ. ಪಟ್ಟಿ ಹಾಕಿದ ದಿನ ಆ ಹುಡುಗ ಬಂದು, “ಸಾರ್, ನಾನು ಆಡಿದ್ದರಲ್ಲಿ ಏನು ತಪ್ಪಿತ್ತು?” ಎಂದು ಕೇಳಿದ. ಅವನಿಗೆ ಹೇಳಲು ನನ್ನ ಬಳಿ ಕಾರಣವಿರಲಿಲ್ಲ. “ಮುಂದಿನ ವರ್ಷ ನೋಡೋಣಪ್ಪ” ಎಂದೆ. ಅವನು ಹತ್ತನೆಯ ತರಗತಿಯಲ್ಲಿದ್ದ. ಅವನಿಗೆ ಆ ಶಾಲೆಯಲ್ಲಿ ಮುಂದಿನ ವರ್ಷವೆಂಬುದೇ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆಮೇಲೆ ಅವನು ಮೈದಾನದ ಕಡೆ ಬರಲಿಲ್ಲ.

ಉಂಡೆಕೊಬ್ಬರಿ ಮಾಡುವ ನಮ್ಮ ರೈತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡುತ್ತಾನೆ. ಒಳಗಿನ ನೀರು ಇಂಗಿ ಗಿಟುಕು ಚಿಪ್ಪನ್ನು ಬಿಟ್ಟಿದೆಯೇ ಎಂದು ತಿಳಿಯಲು ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತಾನೆ. ಸಿಪ್ಪೆಯ ಬಣ್ಣವನ್ನು ನೋಡಿ ನಿರ್ಧರಿಸುವುದಿಲ್ಲ. ಯಾರ ತೋಟದ ಕಾಯಿ ಎಂದೂ ಕೇಳುವುದಿಲ್ಲ. ನಾನು ಅಂದು ಮಾಡಬೇಕಾಗಿದ್ದುದು ಇಷ್ಟೇ ಆಗಿತ್ತು. ಮಾಡಲಿಲ್ಲ. ಆದುದರಿಂದ, ‘ಗೋಲಿನಲ್ಲಿ ಯಾರು ನಿಲ್ಲಬೇಕು’ ಎಂದು ಆ ತರುಣ ಕೇಳಿದಾಗ ನನಗೆ ಆ ಕುಳ್ಳ ಹುಡುಗನ ಮುಖ ನೆನಪಾಯಿತು. ಸ್ವಲ್ಪ ಹೊತ್ತಿನ ನಂತರ ನಾನು ಹೇಳಿದೆ: “ಯಾರನ್ನು ಬೇಕಾದರೂ ಆರಿಸಿ. ಆದರೆ ಬಿಟ್ಟವನು ಬಂದು ಏಕೆಂದು ಕೇಳಿದರೆ ಅವನ ಕಣ್ಣು ನೋಡಿ ಹೇಳಬಲ್ಲ ಕಾರಣ ಒಂದಿರಲಿ.”

ಶಾಲೆಯ ಮೈದಾನಕ್ಕೆ ಸಂಬಂಧಿಸಿದ ಮಾತು

ಈ ಸಂಚಿಕೆಯನ್ನು ಓದುವವರಲ್ಲಿ ಉಪಾಧ್ಯಾಯರಿದ್ದೀರಿ, ಹಳೆಯ ವಿದ್ಯಾರ್ಥಿಗಳಿದ್ದೀರಿ, ಉದಾರಿಗಳಾದ ದಾನಿಗಳಿದ್ದೀರಿ. ಮೇಲಿನ ವಿವೇಚನೆಯಿಂದ ನಮ್ಮ ಶಾಲೆಗಳಿಗೆ ಅನ್ವಯಿಸುವ ಕೆಲವು ಅಂಶಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ಒಂದು: ತಂಡವನ್ನು ಆರಿಸುವ ಮುನ್ನ ಪ್ರತಿಯೊಂದು ಸ್ಥಾನದ ಕೆಲಸವನ್ನು ಮಕ್ಕಳಿಗೆ ಹೇಳಬೇಕು. ಕೆಲಸ ತಿಳಿದ ಮಗು ತನ್ನ ಕೊರತೆಯನ್ನು ತಾನೇ ತಿದ್ದಿಕೊಳ್ಳುತ್ತದೆ. ಎರಡು: ಆಯ್ಕೆಯಾಗದವನಿಗೆ ಕಾರಣವನ್ನು ಕೇಳುವ ಹಕ್ಕಿರಬೇಕು, ಆರಿಸಿದವನಿಗೆ ಹೇಳುವ ಹೊಣೆಯಿರಬೇಕು. ಮೂರು: ಬೆಂಚಿನಲ್ಲಿ ಕುಳಿತವನೂ ತಂಡದವನೇ. ಜೂನ್ 21ರಂದು ಹೊರಗಿದ್ದವರೇ ಜುಲೈ 4ರಂದು ಕಪ್ಪನ್ನು ಗೆದ್ದುಕೊಟ್ಟರೆಂಬುದನ್ನು ಮಕ್ಕಳಿಗೆ ಹೇಳಬೇಕು. ನಾಲ್ಕು: ಎದುರಾಳಿ ಶಾಲೆಯ ಆಟವನ್ನು ಮೆಚ್ಚಿ ಗಮನಿಸಲು ಕಲಿಸಬೇಕು. ಅರಿಯದವನನ್ನು ಗೆಲ್ಲುವುದು ಕಷ್ಟ, ಗೆ��್ದರೂ ಅದರಿಂದ ಕಲಿಯುವುದೇನೂ ಇರುವುದಿಲ್ಲ.

ಕೊನೆಯದಾಗಿ ಒಂದು ಸಂಗತಿಯನ್ನು ದಾನಿಗಳ ಗಮನಕ್ಕೆ ತರುತ್ತೇನೆ. ಅಂದು ಕಂಠೀರವದಲ್ಲಿ ಆಡಲು ಆರಂಭಿಸಿದ ಹನ್ನೊಂದು ಜನರಲ್ಲಿ ಪಂಜಾಬಿನವರಿದ್ದರು, ಬಂಗಾಳದವರಿದ್ದರು, ಕೇರಳದವರಿದ್ದರು, ಮಣಿಪುರ, ಮಿಜೋರಾಮಿನವರಿದ್ದರು. ಪಂದ್ಯ ನಡೆದುದು ನಮ್ಮ ನಾಡಿನಲ್ಲಿ. ನಮ್ಮ ರಾಜ್ಯ ಸಂತೋಷ್ ಟ್ರೋಫಿ ಗೆದ್ದು ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ಆದರೂ ಆ ಹನ್ನೊಂದರಲ್ಲಿ ಕನ್ನಡನಾಡಿನ ಹುಡುಗನೊಬ್ಬನೂ ಇರಲಿಲ್ಲ. ಇದಕ್ಕೆ ಆಯ್ಕೆ ಮಾಡಿದವರನ್ನು ದೂರುವಂತಿಲ್ಲ. ಆರಿಸಲು ನಾವು ಎಷ್ಟು ಮಕ್ಕಳನ್ನು ಮುಂದಿಟ್ಟಿದ್ದೇವೆ? ಬಯಲು ಬೇಕು, ಚೆಂಡು ಬೇಕು, ಸಂಜೆ ಒಂದು ಗಂಟೆ ನಿಂತು ನೋಡುವ ಉಪಾಧ್ಯಾಯ ಬೇಕು. ಕಟ್ಟಡಕ್ಕೆ ಕೊಡುವ ಕೈ ಬಯಲಿಗೂ ಕೊಟ್ಟರೆ ತೆಂಗಿನ ತೋಟಗಳ ನಡುವಿನಿಂದ ಎಂದಾದರೊಂದು ದಿನ ಹನ್ನೊಂದರಲ್ಲಿ ಒಬ್ಬ ಹೊರಟಾನು. ಅಂದು ಅವನ ಹೆಸರು ಪಟ್ಟಿಯಲ್ಲಿ ಇರಬೇಕೇ ಬೇಡವೇ ಎಂದು ನಮ್ಮ ಮಕ್ಕಳು ಕಾಫಿ ಆರುವವರೆಗೆ ವಾದ ಮಾಡಲಿ. ಊರಿನವನೆಂಬ ಕಾರಣವನ್ನು ಬದಿಗಿಟ್ಟು ಆಟವನ್ನೇ ಕಾರಣವಾಗಿಟ್ಟು ವಾದಿಸಿದರೆ, ನಾವು ಕಲಿಸಿದ್ದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.